ಚೌಕಾಸಿ ಪುಸ್ತಕ

ರಾಯಚೂರಿನ ಗ್ರಂಥಾಲಯದ ಆ ಮೇಲ್ವಿಚಾರಕರು ಪುಸ್ತಕ ಕೊಡುವಾಗಲೆಲ್ಲ ತೋರುಬೆರಳೆತ್ತಿ, "ಹಾಳಿ ಮಡಚಬ್ಯಾಡ್ರಿ" ಎನ್ನುತ್ತಿದ್ದರು.

ಅದು ನಿಜಾಮರ ಕಾಲ. ಮಾಲೀಕರ ಮುಂದಿಡಲು ಒಂದು ಕರಾರುಪತ್ರ ಬರೆದುಕೊಡಿ ಎಂದು ಮಾನ್ವಿಯ ಹತ್ತಿ ಗಿರಣಿಯ ಕೂಲಿಗಳು ನನ್ನನ್ನು ಕೇಳಿದ್ದರು. ಬೇರೆ ಊರಿನ ಕೂಲಿ ಸಂಘಗಳು ಹೇಗೆ ಬರೆದಿವೆ ಎಂಬುದನ್ನು ನಾನು ಆ ಗ್ರಂಥಾಲಯದಲ್ಲಿ ಕೂತು ಒಂದು ಇಂಗ್ಲಿಷ್ ಪುಸ್ತಕದಿಂದ ನಕಲು ಮಾಡುತ್ತಿದ್ದೆ. ಸಿಕ್ಕಿಬಿದ್ದರೆ ಜೈಲು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮೇಲ್ವಿಚಾರಕರು ಬಂದು ನನ್ನ ಮುಂದಿದ್ದ ಪುಸ್ತಕವನ್ನು ಮುಚ್ಚಿ, ನಕಲು ಕಾಗದಗಳನ್ನು ತಮ್ಮ ಕೋಟಿನೊಳಗೆ ಸೇರಿಸಿದರು. ಇಂಗ್ಲಿಷ್ ಬಾರದ ಪೊಲೀಸ್ ಅಮೀನ ಒಳಬಂದು ಪುಸ್ತಕದತ್ತ ಲಾಠಿ ತೋರಿಸಿ, "ಏನದು?" ಎಂದ.

"ಚೌಕಾಸಿ ಪುಸ್ತಕ, ಸಾಹೇಬ್ರ," ಎಂದರು ಮೇಲ್ವಿಚಾರಕರು.

"ಚೌಕಾಸಿಗೂ ಪುಸ್ತಕ ಅದ ಏನು?"

"ಕಾಲೇಜು ಓದಿದವ್ರಿಗೆ ಬೇಕಾಗ್ತದ್ರೀ. ಇಂವ್ಗ ಸಂತ್ಯಾಗ ಬದನಿಕಾಯಿ ಕೊಳ್ಳಾಕ ಬರಂಗಿಲ್ಲ, ಮನಿಯಾಗ ಹೆಂಡ್ತಿ ಕಡಿಂದ ಬೈಸ್ಕೊಂತಾನ."

ಅಮೀನ ನಗುತ್ತ ಹೊರಟುಹೋದ. ಅವರು ಪುಸ್ತಕದ ಬಗ್ಗೆ ಹೇಳಿದ್ದು ಸುಳ್ಳಲ್ಲ. ಕೂಲಿಗಳೆಲ್ಲ ಒಟ್ಟಾಗಿ ಮಾಡುವ ಚೌಕಾಸಿಯೇ ಅದರ ವಿಷಯವಾಗಿತ್ತು.

ಆ ಬೂಟಿನ ಸದ್ದು ನನಗೆ ಈಗಲೂ ಕೇಳುತ್ತದೆ. ಅವರು ಮಾತ್ರ ಏನೂ ಆಗದವರಂತೆ ಪುಸ್ತಕ, ಕಾಗದ ಎರಡನ್ನೂ ಮತ್ತೆ ಮುಂದಿಟ್ಟು, "ಬರ್ಕೊಳ್ರಿ" ಎಂದರು. ಎಲ್ಲಿ ನಿಲ್ಲಿಸಿದ್ದೆನೆಂದು ನಾನು ಹುಡುಕಬೇಕಾಗಲಿಲ್ಲ. ಆ ಹಾಳೆಯ ತುದಿಯನ್ನು ಅವರು ಮಡಚಿದ್ದರು.