ಬಿಸಿಲಿಗೆ ಒಡ್ಡಬೇಕಾದ ಮೈ

ಮನುಷ್ಯನ ಅಂತರಂಗ ಅವನ ಕಣ್ಣುಗಳಲ್ಲಿ ನೆಲೆಸಿರುತ್ತದೆ ಎಂಬುದು ಬಲ್ಲವರೆಲ್ಲ ಒಪ್ಪಿದ ಸತ್ಯ. ನಾನು ಕಂಡ ಒಬ್ಬರೇ ಒಬ್ಬ ದೊಡ್ಡ ಮನುಷ್ಯರದು ಬಲಗೈ ಹೆಬ್ಬೆರಳಿನಲ್ಲಿತ್ತು. ಉಗುರಿನ ಪಕ್ಕ ನೂಲು ಕೊರೆದ ಗೀರು, ಅದರ ಸುತ್ತ ಗಟ್ಟಿಯಾದ ಚರ್ಮ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವರು. ಬಟ್ಟೆ ಯಾವುದೇ ಇರಲಿ, ಎರಡು ಬೆರಳ ನಡುವೆ ಹಿಡಿದು ಉಜ್ಜಿ, ಬೇರೆಲ್ಲೋ ನೋಡುತ್ತ, "ಇದು ಒಳಮೈ" ಎನ್ನುತ್ತಿದ್ದರು. ಮದುವೆಮನೆಯಲ್ಲಿ ಅಪರಿಚಿತರೊಬ್ಬರ ಶಲ್ಯದ ಅಂಚು ಹಿಡಿದು ಹೀಗೆ ತೀರ್ಪು ಕೊಟ್ಟು, ಅದನ್ನು ಬಿಚ್ಚಿಸಿ ಸರಿಯಾಗಿ ಹೊದಿಸಿದ್ದೂ ಉಂಟು. ಆತ ವರನ ತಂದೆ.

ಬಾಶೆಟ್ಟಿಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಡಿಸೈನ್ ಸಾರ್ ಎನ್ನುತ್ತಿದ್ದರು. ಕ್ರೀಡಾಂಗಣದ ಪ್ರೇಕ್ಷಕರ ತಲೆಯ ಮೇಲೆ ಗಾಜಿನಂಥ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಷೀಟಿನ ಚಾವಣಿ, ಅದನ್ನು ಹೊರಲು ಅಲ್ಯೂಮಿನಿಯಂ ತೊಲೆಗಳು, ಇವುಗಳ ವಿನ್ಯಾಸ ಅವರದು. ಅವರು ಬರೆದದ್ದನ್ನು ಸೈಟಿನಲ್ಲಿ ನಿಲ್ಲಿಸುವುದು ನನ್ನ ಕೆಲಸ. ನಿಲ್ಲಿಸಿದ್ದನ್ನು ಪರಿಶೀಲಿಸಿ ಸಹಿ ಹಾಕುವುದು ಮತ್ತೆ ಅವರದು. ಷೀಟಿಗೆ ತೂತು ಕೊರೆಯುವುದನ್ನು ಅವರು ಜೀವಹಿಂಸೆಯ ಲೆಕ್ಕಕ್ಕೆ ಸೇರಿಸಿದ್ದರು. ಎರಡು ಅಲ್ಯೂಮಿನಿಯಂ ಪಟ್ಟಿಗಳ ನಡುವೆ, ರಬ್ಬರಿನ ಮೇಲೆ, ಒಂದಿಷ್ಟು ಸಡಿಲ ಬಿಟ್ಟು ಹಿಡಿಸಬೇಕು. "ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಓಡಾಡಕ್ಕೆ ಜಾಗ ಬಿಡ್ರಪ್ಪಾ. ನಿಮ್ ಮನೇಲಿ ನಿಮಗೆ ಬೇಡ್ವಾ?"

ಈ ಷೀಟಿಗೂ ಒಳಮೈ ಹೊರಮೈ ಇದೆ. ಬಿಸಿಲು ತಡೆಯುವ ಲೇಪನ ಇರುವುದು ಒಂದೇ ಮೈಗೆ. ಅದು ಮೇಲಿದ್ದರೆ ಷೀಟು ವರ್ಷಗಟ್ಟಲೆ ತಿಳಿಯಾಗಿರುತ್ತದೆ. ಕೆಳಗಾದರೆ ಮೂರ್ನಾಲ್ಕು ಬೇಸಿಗೆಯಲ್ಲಿ ಹಳದಿಯಾಗಿ, ಆಮೇಲೆ ಬಿರಿಯುತ್ತದೆ. ಯಾವುದು ಯಾವ ಮೈ ಎಂದು ಹೇಳುವುದು ಅದಕ್ಕೆ ಅಂಟಿಸಿದ, ಅಕ್ಷರ ಅಚ್ಚಾದ ತೆಳು ಪ್ಲಾಸ್ಟಿಕ್ ಹಾಳೆ ಮಾತ್ರ. ಷೀಟನ್ನು ಮೇಲೆ ಕೂರಿಸಿದ ನಂತರವೇ ಆ ಹಾಳೆಯನ್ನು ಪೂರ್ತಿ ಕೀಳಬೇಕು. ಕಿತ್ತ ಮೇಲೆ ಎರಡೂ ಮೈ ಒಂದೇ. ಡಿಸೈನ್ ಸಾರ್ ಅವರ ಹೆಬ್ಬೆರಳು ಸೋತದ್ದು ಅಲ್ಲಿ ಮಾತ್ರ.

ಹೊಸಕೋಟೆ ದಾಟಿ ಒಂದು ದೊಡ್ಡ ಕ್ರೀಡಾಂಗಣಕ್ಕೆ ಚಾವಣಿ ಹಾಕುತ್ತಿದ್ದೆವು. ಕಟ್ಟಿಸುವವರು ನೋಡಲು ಬರುವ ದಿನ ಹತ್ತಿರವಾಗಿತ್ತು. ಮೇಲೆ ಹತ್ತಿ ಹಾಳೆ ಕೀಳುವುದು ನಿಧಾನದ ಕೆಲಸ. ನಾನು ಮೇಸ್ತ್ರಿಗೆ, ನೆಲದ ಮೇಲೇ ಕಿತ್ತು ಷೀಟು ಏರಿಸು ಎಂದೆ.

"ಸಾರ್, ಮೈ ಗೊತ್ತಾಗಲ್ಲ ಆಮೇಲೆ."

"ಅದೇ ವರಸೇಲಿ ಎತ್ತಿದ್ರೆ ಗೊತ್ತಾಗುತ್ತೆ, ಕೀಳ್ಸಯ್ಯಾ."

ಮಧ್ಯಾಹ್ನ ಗಾಳಿ ಎದ್ದು, ಜೋಡಿಸಿಟ್ಟ ಷೀಟುಗಳು ಚೆಲ್ಲಾಪಿಲ್ಲಿಯಾದವು. ಕೈಗೆ ಸಿಕ್ಕಂತೆ ಏರಿಸಿದೆವು. ಚಾವಣಿ ಬಹಳ ಚೆನ್ನಾಗಿ ಹೊಳೆಯಿತು. ಬಂದವರು ಹೊಗಳಿ ಹೋದರು.

ಮರುದಿನ ಡಿಸೈನ್ ಸಾರ್ ಬಂದರು. ಚಾವಣಿಯ ಕಡೆಗೆ ತಲೆ ಎತ್ತಲಿಲ್ಲ. ನೆಲದಲ್ಲಿ ರಾಶಿ ಬಿದ್ದಿದ್ದ ಹಾಳೆಗಳನ್ನು ನೋಡಿದರು. "ಯಾರು ಕೆಳಗೇ ಕೀಳ್ಸಿದ್ದು?"

"ಹುಡುಗರು ಸಾರ್. ಗೊತ್ತಿಲ್ದೆ ಕಿತ್ಬಿಟ್ಟಿದ್ದಾರೆ," ಎಂದೆ. ಮೇಸ್ತ್ರಿ ಪಕ್ಕದಲ್ಲೇ ಇದ್ದ. ತನ್ನ ಚಪ್ಪಲಿ ನೋಡಿಕೊಂಡ.

ವಿಷಯ ತಿಳಿದ ಕಾರ್ಖಾನೆಯ ಯಜಮಾನರು ಅವರಿಗೆ ಫೋನಿನಲ್ಲಿ ಎರಡು ಮಾತು ಹೇಳಿದರಂತೆ: ಷೀಟು ಹಾಗೇ ಇರಲಿ, ಮೇಸ್ತ್ರಿಯ ತಂಡ ನಾಳೆಯಿಂದ ಬೇಡ.

ಡಿಸೈನ್ ಸಾರ್ ಎರಡನ್ನೂ ಕೇಳಲಿಲ್ಲ. ಊರಿನ ಸೀರೆ ಅಂಗಡಿಯಿಂದ ಖೋಟಾ ನೋಟು ಪತ್ತೆ ಮಾಡುವ ನೀಲಿ ದೀಪ ತಂದರು. ಆ ಬೆಳಕಿಗೆ ಲೇಪನದ ಮೈ ಮಂಕಾಗಿ ಹೊಳೆಯುತ್ತದೆ, ಆದರೆ ಕತ್ತಲೆ ಬೇಕು. ಹೀಗಾಗಿ ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಸೊಂಟಕ್ಕೆ ಬೆಲ್ಟು ಬಿಗಿದು, ಚಾವಣಿಯ ಮೇಲೆ ಕರಿಕಂಬಳಿ ಹೊದ್ದು ಬೋರಲಾಗಿ ಮಲಗಿದರು. ಒಂದು ಷೀಟು ಮುಗಿದರೆ ಕಂಬಳಿ ಮುಂದಿನದಕ್ಕೆ ತೆವಳುತ್ತಿತ್ತು. ಲೋಕದ ಎಂಜಿನಿಯರಿಂಗ್ ಇತಿಹಾಸದಲ್ಲಿ ಇಂಥ ಘನಗಂಭೀರ ದೃಶ್ಯ ಇನ್ನೊಂದಿರಲಾರದು.

ಒಬ್ಬ ಕೆಲಸದವನು ಕೂಗಿದ: "ಸಾ, ಒಳಗೇನ್ ಕಾಣುತ್ತೆ?"

ಕಂಬಳಿ ಉತ್ತರಿಸಿತು: "ನಿನ್ ಮದುವೆ ಅಂತೂ ಕಾಣ್ತಿಲ್ಲ ಕಣಪ್ಪಾ."

ನಾಲ್ಕು ದಿನ ಹಾಗೆ ತೆವಳಿದರು. ಹತ್ತಿರ ಹತ್ತಿರ ಅರ್ಧದಷ್ಟು ಷೀಟುಗಳು ತಲೆಕೆಳಗಾಗಿದ್ದವು. ತೂತಿಲ್ಲದ ವಿನ್ಯಾಸವಾದ್ದರಿಂದ ಪಟ್ಟಿ ಬಿಚ್ಚಿ ಮಗುಚಬಹುದಿತ್ತು. ಅದೇ ತಂಡದಿಂದ ಮಗುಚಿಸಿದರು. ಮೊದಲೇ, ಯಜಮಾನರನ್ನು ಕೇಳದೆ, ಕಟ್ಟಿಸುವವರಿಗೆ ಕಾಗದ ಬರೆದಿದ್ದರು: "ಲೋಪ ಪರಿಶೀಲಕನಾದ ನನ್ನದು, ಕೆಲಸಗಾರರದಲ್ಲ." ತಂಡ ಉಳಿಯಿತು. ಡಿಸೈನ್ ಸಾರ್ ಅವರ ನಿವೃತ್ತಿಗೆ ಏಳು ತಿಂಗಳಿತ್ತು. ಯಜಮಾನರು ಅವರನ್ನು ಆ ವಾರವೇ ಮನೆಗೆ ಕಳಿಸಿದರು.

ಕೊನೆಯ ದಿನ ಕಾರ್ಖಾನೆಯ ಗೇಟಿನ ಬಳಿ ಬಸ್ಸಿಗೆ ನಿಂತಿದ್ದರು. ಕೈಯಲ್ಲಿ ಎರಡು ತುಂಡು ಷೀಟು. ನಾನೂ ಜೊತೆಗೆ ನಿಂತೆ.

"ಮಗ್ಗದ ಮೇಲೆ ನಮ್ ಸೀರೆ ಒಳಮೈ ಮೇಲಾಗಿರುತ್ತೆ ಕಣಪ್ಪಾ. ನೇಯೋನು ದಿನಾ ನೋಡೋದು ಅದನ್ನೇ. ಅಭ್ಯಾಸ ಆಗ್ಬಿಡುತ್ತೆ."

ನಾನು ಹೂಂ ಎಂದೆ.

"ಯಾರು ಕೀಳ್ಸಿದ್ದು ಅಂತ ಮೇಸ್ತ್ರಿ ಅವತ್ತೇ ಹೇಳ್ದ."

ಬಸ್ಸು ಬಂತು. ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಒಮ್ಮೆ ಉಜ್ಜಿ, "ಬರ್ತೀನಿ" ಎಂದು ಹತ್ತಿದರು. ಒಳಮೈಯೋ ಹೊರಮೈಯೋ, ಹೇಳಲಿಲ್ಲ. ಆಗ ನನಗೆ ಏನೂ ಅನಿಸಲಿಲ್ಲ. ಈಗಲೂ ಆಗಾಗ ನೆನೆದು ನೋಡುತ್ತೇನೆ, ಏನೂ ಅನಿಸುವುದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟದ ನಂತರ ಕೈ ತೊಳೆಯಲು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡು ತುಂಡು ಷೀಟಿನ ಪುಟ್ಟ ಚಪ್ಪರ. ಒಂದು ಗಾಜಿನಂತಿತ್ತು. ಇನ್ನೊಂದು ಅರಿಶಿನದ ನೀರಿನ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಬಿರಿದಿತ್ತು.

ಅವರ ಮನೆಯವರು ಚೊಂಬು ಕೊಡುತ್ತ ಹೇಳಿದರು: "ಅದೊಂದನ್ನ ಬೇಕಂತ್ಲೇ ಉಲ್ಟಾ ಹಾಕಿದ್ರು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ನೋಡೋರು. ಏನ್ರೀ ಅದು ಅಂದ್ರೆ, ನಮ್ ಹುಡುಗನ ಕೆಲಸ ಅನ್ನೋರು. ಯಾವ ಹುಡುಗನೋ, ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದೆ.

ಕ್ರೀಡಾಂಗಣದ ಚಾವಣಿ ಇವತ್ತಿಗೂ ತಿಳಿಯಾಗಿದೆ. ಅವರನ್ನು ಮನೆಗೆ ಕಳಿಸಿದ ಮೇಲೆ ತಯಾರಾದ ಅದರ ಅಂತಿಮ ನಕ್ಷೆಯಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ನನ್ನ ಹೆಸರಿದೆ.