ಸವಣೂರಿನಲ್ಲಿ ಕ್ಯಾಪ್ಟನ್ನರ ವಕೀಲ

ಎಂಬತ್ತರ ದಶಕದಲ್ಲಿ ನಾನು ಹಡಗಿನ ಕ್ಯಾಪ್ಟನ್ನರ ಪ್ರತಿನಿಧಿಯಾಗಿ ಲಂಡನ್ನಿನ ಸಭೆಗಳಿಗೆ ಹೋಗುತ್ತಿದ್ದೆ. ಬಂದರಿನಲ್ಲಿ ಹಡಗು ಹತ್ತಿ ಕ್ಯಾಪ್ಟನ್ನಿಗೆ ದಾರಿ ಹೇಳುವವನು ಅಲ್ಲಿಯ ಪೈಲಟ್. ಹಡಗು ಗೋಡೆಗೆ ಬಡಿದರೆ ಜೈಲು ಮಾತ್ರ ಕ್ಯಾಪ್ಟನ್ನಿಗೆ. ಇದು ಅನ್ಯಾಯವೆಂದು ಒಮ್ಮೆ ಮೂರು ದಿನ ವಾದಿಸಿ ಊರಿಗೆ ಬಂದೆ.

ಸವಣೂರಿನಲ್ಲಿ ನಾನು ಕುಳಿತಿದ್ದ ಬಸ್ಸು ಹಿಂದಕ್ಕೆ ಸರಿಯುವಾಗ ಎಲೆ ಮಾರುವವಳ ಬುಟ್ಟಿಗೆ ಬಡಿಯಿತು. ವೀಳ್ಯದೆಲೆಯೆಲ್ಲ ಮಣ್ಣುಪಾಲು.

“ಏ ಡ್ರೈವರ್, ಕಣ್ಣು ಕಾಣಂಗಿಲ್ಲೇನ?” ಬಸ್ಸಿನೊಳಗೆ ಕೂಗೆದ್ದಿತು.

ಡ್ರೈವರ್ ಇಳಿದು, ಎಲೆ ಆರಿಸುತ್ತ ಹೇಳಿದ: “ಹಿಂದ ನಿಂತು ಬರ್ಲಿ ಬರ್ಲಿ ಅಂತ ಸೀಟಿ ಹೊಡದಾವ ಕಂಡಕ್ಟರ್ ರೀ. ಬೈಸ್ಕೊಳ್ಳಾವ ನಾನು. ನಮ್ಮ ಪರವಾಗಿ ಮಾತಾಡಾವ್ರು ಎಲ್ಲೆರ ಅದಾರೇನ್ರಿ?”

ನಾನೂ ಇಳಿದು ಎಲೆ ಆರಿಸಿದೆ. ನನ್ನ ಕೆಲಸ ಏನೆಂದು ಮಾತ್ರ ಹೇಳಲಿಲ್ಲ. ಎಲ್ಲರಿಗಿಂತ ಮೊದಲು ಕೂಗಿದವನು ನಾನೇ.