ಆವಣಿ ಬೆಟ್ಟ ಹತ್ತಿದ ಚೀಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ಗೆಳೆಯ ಕಳ್ಳನಲ್ಲ. ಆದರೆ ಆವಣಿ ಬೆಟ್ಟದ ಅರ್ಧ ದಾರಿಯವರೆಗೆ ಅವನು ಕಳ್ಳನೇ ಅಂತ ನಾನು ಆಣೆ ಇಟ್ಟು ಹೇಳಲು ತಯಾರಿದ್ದೆ. ನನ್ನ ಕೆಲಸವೇ ಅಂಥದ್ದು. ಐವತ್ತರ ದಶಕದ ಕೊನೆಯಲ್ಲಿ ನಾನು ಚಿನ್ನದ ಗಣಿಯ ಗೇಟಿನಲ್ಲಿ ನಿಂತು, ಪಾಳಿ ಮುಗಿಸಿ ಮೇಲೆ ಬಂದವರ ಮೈ ತಡವಿ ನೋಡುವ ಕಾವಲುಗಾರ. ತಲೆಗೂದಲು, ಕಂಕುಳು, ಬುತ್ತಿ ಡಬ್ಬಿಯ ತಳ, ಚಪ್ಪಲಿಯ ಅಟ್ಟೆ, ಎಲ್ಲ ನೋಡಬೇಕು. ಚಿನ್ನವಿರುವ ಕಲ್ಲಿನ ಚೂರನ್ನು ಜನ ಎಲ್ಲೆಲ್ಲಿ ಅಡಗಿಸುತ್ತಿದ್ದರು ಅಂತ ಬರೆಯಲು ನಾಚಿಕೆಯಾಗುತ್ತದೆ. ಐದು ವರ್ಷ ಆ ಕೆಲಸ ಮಾಡಿದವನಿಗೆ ಎದುರಿಗೆ ಬಂದವರ ಮುಖ ಕಾಣುವುದಿಲ್ಲ, ಜೇಬು ಕಾಣುತ್ತದೆ. ಮದುವೆ ಮನೆಯಲ್ಲಿ ಬೀಗರನ್ನು ತಬ್ಬಿಕೊಂಡರೂ ನನ್ನ ಕೈ ತಾನಾಗಿಯೇ ಅವರ ಸೊಂಟದ ಕಡೆ ಹೋಗುತ್ತಿತ್ತು. ಹೆಂಡತಿ ಬೈದೂ ಬೈದೂ ಸುಸ್ತಾಗಿದ್ದಳು.

ಗೆಳೆಯರು ಇಬ್ಬರು. ಒಬ್ಬ ನಂದಿದುರ್ಗ ಗಣಿಯ ಲೈನಿನಲ್ಲಿ, ಅಂದರೆ ಕಂಪನಿಯ ಸಾಲುಮನೆಗಳಲ್ಲಿ, ನಮ್ಮ ಪಕ್ಕದ ಮನೆಯವ, ತಮಿಳಿನವ, ಬಾಯಿ ತೆರೆದರೆ ತಮಾಷೆ. ಇನ್ನೊಬ್ಬ ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಗಣಿಗೆ ಬರುತ್ತಿದ್ದವ. ಅವನಿಗೆ ಮದುವೆಯಾಗಿ ಎಂಟು ವರ್ಷ. ಮೂರು ಸಲ ಹೆಂಡತಿಗೆ ಬಸಿರು ನಿಂತು ಮೂರು ಸಲವೂ ಇಳಿದುಹೋಗಿತ್ತು. ಓಣಿಯ ಹೆಂಗಸರು ಸೀಮಂತಕ್ಕೆ ಅವಳನ್ನು ಕರೆಯುವುದನ್ನೇ ಬಿಟ್ಟಿದ್ದರು. ಒಂದು ಮಗು ಬೇಕು ಅನ್ನುವುದು ಬಿಟ್ಟರೆ ಆ ಮನೆಯಲ್ಲಿ ಬೇರೆ ಆಸೆಯೇ ಇರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ರಜೆ ಬಂದರೆ ಮೂವರಿಗೂ ಬೆಟ್ಟದ ಹುಚ್ಚು. ಅವರಿಬ್ಬರೂ ನೆಲದೊಳಗೆ ಇಳಿದು ದುಡಿಯುವವರು, ಎತ್ತರ ಅಂದರೆ ಪ್ರಾಣ. ಅಂತರಗಂಗೆಯ ಗುಹೆಗಳಲ್ಲಿ ತೂರಿ ಮೊಣಕೈ ತರಚಿಕೊಂಡು ಬಂದದ್ದು ಎಷ್ಟು ಸಲವೋ. ಆ ಸಲ ಆವಣಿಗೆ ಹೋಗೋಣ ಅಂದವನು ಬಂಗಾರಪೇಟೆಯವನೇ. ಯಾವತ್ತೂ ನೀವೆಲ್ಲಿಗೆ ಅಂದ್ರೆ ಅಲ್ಲಿಗೆ ಅನ್ನುತ್ತಿದ್ದವನು ಇವತ್ತು ತಾನಾಗಿ ಜಾಗ ಹೇಳಿದನಲ್ಲ ಅಂತ ಆಗಲೇ ನನ್ನ ಕಿವಿ ನೆಟ್ಟಗಾಯಿತು. ಅದೇ ವಾರ ಗೇಟಿನಲ್ಲಿ ಮೇಲಿನವರು ಎಚ್ಚರಿಕೆ ಕೊಟ್ಟಿದ್ದರು: ಕಲ್ಲು ಹೊರಗೆ ಹೋಗುತ್ತಿದೆ, ಕದ್ದವನ ಜೊತೆ ಕಾವಲುಗಾರ ಸಿಕ್ಕಿಬಿದ್ದರೆ ಅವನ ಕೆಲಸವೂ ಹೋಯಿತು, ಲೈನಿನ ಮನೆಯೂ ಹೋಯಿತು.

ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯ ಬಸ್ಸಿನ ಹತ್ತಿರ ಬಂದವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎದೆಗೆ ಒತ್ತಿಕೊಂಡಿದ್ದ ಬಟ್ಟೆ ಚೀಲ ಒಳಗಿನ ಭಾರಕ್ಕೆ ಜೋತುಬಿದ್ದಿತ್ತು.

"ಏನ್ಲಾ ಅದು?" ಅಂದೆ.

"ಏನೂ ಇಲ್ಲ ಬಿಡ್ಲಾ" ಅಂದ. ನನ್ನ ಕಡೆ ನೋಡಲಿಲ್ಲ.

ಏನೂ ಇಲ್ಲದ ಚೀಲ ಅಷ್ಟು ಜೋತುಬೀಳುತ್ತದೆಯೇ? ಬಸ್ಸಿನಲ್ಲಿ ಸೀಟಿನ ಕೆಳಗೆ ಬೇಕಾದಷ್ಟು ಜಾಗವಿದ್ದರೂ ಅವನು ಅದನ್ನು ತೊಡೆಯಿಂದ ಇಳಿಸಲಿಲ್ಲ. ದಾರಿಯಲ್ಲಿ ಇಳಿದು ಇಡ್ಲಿ ತಿಂದೆವು, ಅವನು ಬೇಡವೆಂದ. ಕಳ್ಳಮಾಲು ಇಟ್ಟುಕೊಂಡವನಿಗೆ ಹಸಿವಾಗುವುದಿಲ್ಲ, ಇದು ನಾನು ಗೇಟಿನಲ್ಲಿ ಕಲಿತ ಪಾಠ. ಬರಿಗಾಲೂ ಲೆಕ್ಕಕ್ಕೆ ಸಿಕ್ಕಿತು. ಅಟ್ಟೆ ತಡವಿ ನೋಡುವವನು ಪಕ್ಕದಲ್ಲೇ ಇರುವಾಗ ಚಪ್ಪಲಿ ಯಾಕೆ ಬೇಕು ಅಂತ ಬಿಟ್ಟು ಬಂದಿದ್ದಾನೆ! ನನ್ನ ಬುದ್ಧಿಗೆ ಆವತ್ತು ನಾನೇ ಮೆಚ್ಚಿದೆ, ಥೂ.

ಬೆಟ್ಟದ ಬುಡದಿಂದ ಬಂಡೆಗಳ ನಡುವೆ ಹತ್ತತೊಡಗಿದೆವು. ತಮಿಳಿನವನು ಮುಂದೆ, ನಡುವೆ ಚೀಲದವನು, ಹಿಂದೆ ನಾನು. ನಾನು ಹಿಂದೆ ನಿಂತದ್ದು ಬೇಕೆಂದೇ. ಇಳಿಜಾರಾದ ಬಂಡೆಯ ಮೇಲೆ ಎರಡೂ ಕೈ ಊರಿ ಹತ್ತಬೇಕು. ಅವನು ಒಂದೇ ಕೈ ಊರಿ, ಇನ್ನೊಂದರಲ್ಲಿ ಚೀಲ ಅವಚಿಕೊಂಡು, ಮೊಣಕಾಲು ತರಚಿ ರಕ್ತ ಬಂದರೂ ಹತ್ತಿದ. "ಕೊಡೋ ಇಲ್ಲಿ, ನಾನಿಡ್ಕೊತೀನಿ" ಅಂತ ಕೈ ಚಾಚಿದರೆ, ಹಾವು ಕಂಡವನ ಹಾಗೆ ಹಿಂದೆ ಸರಿದ.

ಕುಡಿಯಲು ನೀರು ಸಿಕ್ಕ ದೊಣೆಯ ಹತ್ತಿರ ಕೂತೆವು. ಮೂತ್ರಕ್ಕೆ ಎದ್ದವನು ಚೀಲವನ್ನೂ ಕೊರಳಿಗೆ ನೇತುಹಾಕಿಕೊಂಡೇ ಬಂಡೆಯ ಹಿಂದೆ ಹೋದ. ನನಗೆ ಇನ್ನು ತಡೆಯಲಾಗಲಿಲ್ಲ.

"ನೋಡಿದ್ಯಾ? ಬೆಟ್ಟದಾಚೆ ಯಾವನೋ ಅಕ್ಕಸಾಲಿ ಕಾಯ್ತಾ ಕೂತಿರ್ತಾನೆ. ನಮ್ಮನ್ನ ಮರೆ ಮಾಡ್ಕೊಂಡು ಮಾಲು ಸಾಗಿಸ್ತಾವ್ನೆ" ಅಂದೆ.

ತಮಿಳಿನವನು ನಕ್ಕ. "ವಿಡ್ರಾ, ಬಿಡೋ ಮಾರಾಯ. ರಜಾ ದಿನಾನೂ ಡ್ಯೂಟಿ ಮಾಡ್ತೀಯಾ?"

ನಗು ನನಗೆ ಬೆಂಕಿ ಹಚ್ಚಿತು. ಇವನೂ ಅದರಲ್ಲಿ ಸೇರಿದ್ದಾನೆಯೇ? ಇಬ್ಬರೂ ಸೇರಿ ನನ್ನನ್ನು ಕರೆತಂದಿದ್ದಾರೆಯೇ, ಗೇಟಿನವನು ಜೊತೆಗಿದ್ದರೆ ಯಾರೂ ತಡೆಯಲ್ಲ ಅಂತ? ಲೈನಿನ ಮನೆ, ಹೆಂಡತಿ, ಎರಡು ಮಕ್ಕಳು, ಎಲ್ಲ ಬೀದಿಗೆ ಬಂದ ಹಾಗೆ ಕಣ್ಣಮುಂದೆ ಕಟ್ಟಿತು. ಅವನು ಬಂಡೆ ಸುತ್ತಿ ವಾಪಸು ಬರುವಷ್ಟರಲ್ಲಿ ನಾನು ದಾರಿಗೆ ಅಡ್ಡ ನಿಂತಿದ್ದೆ.

"ಚೀಲ ಬಿಚ್ಚು."

ಅವನು ಮೊದಲು ತಮಾಷೆ ಅಂದುಕೊಂಡ. "ಇಲ್ಲೂ ಗೇಟು ಇಟ್ಟಿದ್ದೀಯೇನ್ಲಾ?"

"ಬಿಚ್ಚು ಅಂದ್ನಲ್ಲ. ಎಷ್ಟು ದಿನದಿಂದ ಕದೀತಿದ್ದೀಯ?"

ಅವನ ಮುಖ ಸಪ್ಪಗಾಯಿತು. "ನಾನು ಕದ್ದಿಲ್ಲ. ಮೇಲಕ್ಕೆ ಓದ್ಮೇಲೆ ತೋರಿಸ್ತೀನಿ. ಈಗ ಮುಟ್ಬೇಡ ಕಣ್ಲಾ, ನಿನ್ ಕಾಲಿಗೆ ಬೀಳ್ತೀನಿ. ಸೀತಮ್ಮನ ಗುಡಿ ಇನ್ನೇನು ಬಂತು."

ಕಾಲಿಗೆ ಬೀಳುತ್ತೇನೆ ಅನ್ನುವ ಮಾತನ್ನು ನಾನು ಗೇಟಿನಲ್ಲಿ ಎಷ್ಟು ಬಾಯಿಗಳಿಂದ ಕೇಳಿಲ್ಲ? ಅನ್ನುವವರೆಲ್ಲ ಕಳ್ಳರೇ. ಕೈ ಹಾಕಿ ಎಳೆದೆ. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಹಳೆಯ ಬಟ್ಟೆ, ಪರ್‍ರೆಂದು ಹರಿಯಿತು. ಒಳಗಿಂದ ಒಂದು ಗಂಟು ಜಾರಿ ಬಂಡೆಯ ಮೇಲೆ ಬಿತ್ತು, ಉರುಳಿತು, ಸುತ್ತಿದ್ದ ಬಟ್ಟೆ ಬಿಚ್ಚುತ್ತ ಬಿಚ್ಚುತ್ತ ಹೋಗಿ ಕೆಳಗೆ ಲಂಟಾನ ಪೊದೆಗೆ ತಾಗಿ ನಿಂತಿತು.

"ಅಯ್ಯೋ ಕೂಸು!" ಅಂತ ಕೂಗಿ ಅವನು ಅದರ ಹಿಂದೆ ಓಡಿದ.

ಅದು ಒರಳಿನ ಗುಂಡುಕಲ್ಲು. ದೋಸೆ ಹಿಟ್ಟು ರುಬ್ಬುವ, ಮನೆಮನೆಯಲ್ಲಿರುವ ಕಲ್ಲು. ಅರಿಸಿನ ಬಳಿದು, ಕುಂಕುಮವಿಟ್ಟು, ಕಾಡಿಗೆಯಲ್ಲಿ ದೃಷ್ಟಿಬೊಟ್ಟು ಇಟ್ಟು, ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿದ್ದ. ಮೇಲೊಂದು ಪುಟ್ಟ ಕುಲಾವಿ. ನಮ್ಮ ಕಡೆ ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರಲ್ಲ, ಅದೇ. ಸೀತಮ್ಮ ಲವಕುಶರನ್ನು ಹೆತ್ತದ್ದು ಈ ಬೆಟ್ಟದಲ್ಲೇ ಅನ್ನುತ್ತಾರೆ, ಅವಳಿಗೆಂದು ಅವನ ಅತ್ತೆ ಹರಕೆ ಹೊರಿಸಿದ್ದರು. ಹೊಸ್ತಿಲು ದಾಟಿದಲ್ಲಿಂದ ಸೀತಮ್ಮನ ಪಾದ ಮುಟ್ಟುವವರೆಗೆ ಕಲ್ಲು ನೆಲಕ್ಕೆ ತಾಗಬಾರದು, ಇನ್ನೊಬ್ಬರ ಕೈಗೆ ಹೋಗಬಾರದು, ಹೊತ್ತವನು ಅನ್ನ ಮುಟ್ಟಬಾರದು, ಕಾಲಿಗೆ ಚಪ್ಪಲಿ ಮೆಟ್ಟಬಾರದು, ಯಾರಿಗೂ ಹೇಳಬಾರದು. ಆಮೇಲೆ ಅದನ್ನು ಮಗುವೆಂದೇ ಮನೆಗೆ ತಂದು ತೊಟ್ಟಿಲಿಗೆ ಹಾಕಬೇಕು. ಇದನ್ನೆಲ್ಲ ಅವನು ಪೊದೆಯ ಹತ್ತಿರ ಕೂತು, ಕಲ್ಲಿಗೆ ಅಂಟಿದ ಮಣ್ಣನ್ನು ಪಂಚೆಯ ತುದಿಯಿಂದ ಒರೆಸುತ್ತ ಹೇಳಿದ. ಅಳಲಿಲ್ಲ. ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇವತ್ತು ವಾಪಸು ಓಗಾನ, ಇನ್ನೊಂದಿನ ಮೊದ್ಲಿಂದ ಬರಾನ" ಅಂದೆ.

"ಅವ್ಳು ತೊಟ್ಲು ಕಟ್ಟವ್ಳೆ" ಅಂದ. "ನೀವಿಬ್ರೂ ಅವ್ಳಿಗೆ ಏಳ್ಬೇಡಿ. ಅಷ್ಟು ಮಾಡಿ."

ಅವನು ಮೇಲೆ ಹೋಗಿ ಸೀತಮ್ಮನ ಪಾದಕ್ಕೆ ಮುಟ್ಟಿಸಿ ಬಂದ. ನಾನು ಗುಡಿಯೊಳಗೆ ಕಾಲಿಡಲಿಲ್ಲ, ಧೈರ್ಯ ಬರಲಿಲ್ಲ.

ಸಂಜೆ ಬಂಗಾರಪೇಟೆಯ ಅವನ ಮನೆಯವರೆಗೂ ಹೋದೆವು. ಅವಳು ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಸೆರಗು ಚಾಚಿ ಕಲ್ಲನ್ನು ತೆಗೆದುಕೊಂಡು ತೊಟ್ಟಿಲಲ್ಲಿ ಮಲಗಿಸಿ, ನಿಧಾನಕ್ಕೆ ತೂಗಿದಳು. ಆಮೇಲೆ ನನ್ನ ಕೈಗೆ ಹುಗ್ಗಿಯ ಬಟ್ಟಲು ಕೊಟ್ಟಳು, ಗಂಡನಿಗಿಂತ ಮೊದಲು ನನಗೆ.

"ನೀವು ಜೊತೇಗಿದ್ರಲ್ಲ ಅಣ್ಣ, ಅದ್ಕೇ ನಂಗೆ ಧೈರ್ಯ. ಗೇಟಿನೋರು, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾರೆ ಅಂತ ನಾನೇ ಇವರಿಗೆ ಏಳಿ ಕಳಿಸಿದ್ದೆ" ಅಂದಳು.

ತಿಂದೆ. ಬಟ್ಟಲು ಖಾಲಿ ಮಾಡಿದೆ.

ಆಮೇಲೆ ಆಗಬಾರದ್ದೇ ಆಯಿತು. ಅವಳಿಗೆ ಮತ್ತೆ ಬಸಿರು ನಿಂತಿತು, ಆ ನಾಲ್ಕನೆಯದೂ ಆರನೇ ತಿಂಗಳಲ್ಲಿ ಹೋಯಿತು. ಹರಕೆ ಕೆಟ್ಟದ್ದಕ್ಕೇ ಹೋಯಿತು ಅಂತ ನಾನು ನಂಬುವವನಲ್ಲ. ಡಾಕ್ಟರು ಬೇರೆ ಏನೋ ಕಾರಣ ಹೇಳಿದರಂತೆ. ಆದರೆ ಅವಳು ಡಾಕ್ಟರ ಮಾತು ನಂಬುವವಳಲ್ಲ. ನೋಡಲು ಹೋದಾಗ ಗೋಡೆಗೊರಗಿ ಕೂತಿದ್ದಳು. ಗಂಡ ಕಾಫಿ ತರಲು ಒಳಗೆ ಹೋದದ್ದೇ ತಡ, ದನಿ ತಗ್ಗಿಸಿ ಕೇಳಿದಳು.

"ಅಣ್ಣ, ನಿಮ್ಮನ್ನ ಕೇಳ್ತೀನಿ, ನೀವು ಸುಳ್ಳು ಏಳಲ್ಲ. ಅವತ್ತು ಬೆಟ್ಟದ ದಾರೀಲಿ ಏನಾದ್ರೂ ಆಯ್ತಾ? ಕಲ್ಲು ಕೆಳಗೆ ಗಿಳಗೆ ಇಟ್ರಾ ಇವ್ರು?"

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಅವನು ಕೇಳಿಸಿಕೊಳ್ಳುತ್ತಿದ್ದ.

"ಇಲ್ಲ ಕಣಮ್ಮ" ಅಂದೆ. "ಏನೂ ಆಗ್ಲಿಲ್ಲ. ಒಂದ್ಸಲಾನೂ ನೆಲಕ್ಕೆ ತಾಗಿಸ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ತಲೆ ಆಡಿಸಿದಳು.

"ಅಂಗಾದ್ರೆ ತಪ್ಪು ನಂದೇ ಅಣ್ಣ" ಅಂದಳು.